ಅಭಯದ ಮಾತಿಗೂ ತೂಕ ಬೇಕು

ಕಾಫಿ, ಅಡಿಕೆಗಳ ಜೊತೆಗೆ ಹೋಂಸ್ಟೇಯನ್ನೂ ಉಪಕಸುಬಾಗಿ ನಡೆಸುವ ಬೆಳೆಗಾರರು ಇಂದು ಮಲೆನಾಡಿನಲ್ಲೂ ಕೊಡಗಿನಲ್ಲೂ ಅನೇಕರಿದ್ದಾರೆ. ಪೇಟೆಯಲ್ಲಿ ಗಲಭೆಯಾಗಿ ನಿಷೇಧಾಜ್ಞೆ ಬಂತೆಂದರೆ, ಮೂವತ್ತು ಕಿಲೋಮೀಟರ್ ದೂರದ ತೋಟದ ಮನೆಗೂ ಬೆಂಗಳೂರಿನಿಂದ ಫೋನು ಬರುತ್ತದೆ: "ಈಗ ಬರಬಹುದೇ?" "ಇಲ್ಲಿ ಏನೂ ಆಗಿಲ್ಲ, ಧೈರ್ಯವಾಗಿ ಬನ್ನಿ" ಎನ್ನುವುದು ವಾಡಿಕೆ. ಈ ವಾಡಿಕೆಯ ಉತ್ತರ ಸಾಲದು ಎಂಬುದು ನಮ್ಮ ಅಭಿಪ್ರಾಯ. ಹೀಗೆ ಹೇಳಲು ನೆರೆಯ ಶ್ರೀಲಂಕೆಯ ಅನುಭವವೇ ನಮಗೆ ಆಧಾರ.

ಲಂಕೆಯೂ ನಮ್ಮಂತೆ ತೋಟದ ಬೆಳೆಯ ನಾಡು. ಚಹಾದಷ್ಟೇ ಪ್ರವಾಸಿಗರನ್ನೂ ನಂಬಿ ಬದುಕುವ ದೇಶ. 2018ರಲ್ಲಿ ಅಲ್ಲಿಗೆ ಸುಮಾರು 23 ಲಕ್ಷ ವಿದೇಶೀ ಪ್ರವಾಸಿಗರು ಬಂದಿದ್ದರು. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲೂ ಕೊಲಂಬೊದ ದೊಡ್ಡ ಹೋಟೆಲುಗಳಲ್ಲೂ ಬಾಂಬು ಸಿಡಿದು 250ಕ್ಕೂ ಹೆಚ್ಚು ಮಂದಿ ಸತ್ತರು. ಅದರ ಹಿಂದೆಯೇ ಕೋವಿಡ್ ಬಂತು. 2021ರಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿದ್ದರಿಂದ ಬೆಳೆಗಾರರಿಗೆ ಬಿದ್ದ ಪೆಟ್ಟನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. 2022ರಲ್ಲಿ ವಿದೇಶೀ ವಿನಿಮಯ ಬರಿದಾಗಿ ಜನ ಬೀದಿಗಿಳಿದರು. ಜುಲೈ 9ರಂದು ಅಧ್ಯಕ್ಷರ ನಿವಾಸಕ್ಕೇ ನುಗ್ಗಿದರು. ಅಧ್ಯಕ್ಷ ಗೋಟಬಯ ರಾಜಪಕ್ಸ 13ರಂದು ದೇಶ ಬಿಟ್ಟು, ಮರುದಿನ ರಾಜೀನಾಮೆ ಕಳುಹಿಸಿದರು.

ಆ ತಿಂಗಳುಗಳಲ್ಲಿ ಲಂಕೆಯ ಪ್ರವಾಸೋದ್ಯಮದವರು ಹೇಳುತ್ತಿದ್ದುದು ಒಂದೇ ಮಾತು: ಜನರ ಸಿಟ್ಟು ಸರ್ಕಾರದ ಮೇಲೆ, ಪ್ರವಾಸಿಗರ ಮೇಲಲ್ಲ. ಈ ಮಾತು ಸುಳ್ಳಾಗಿರಲಿಲ್ಲ. ಆದರೂ ಮಾರ್ಚ್‌ನಲ್ಲಿ ಒಂದು ಲಕ್ಷ ದಾಟಿದ್ದ ಪ್ರವಾಸಿಗರ ಸಂಖ್ಯೆ ಮೇ ತಿಂಗಳಲ್ಲಿ ಸುಮಾರು 30 ಸಾವಿರಕ್ಕೆ ಇಳಿಯಿತು. ಕಾರಣ ಸ್ಪಷ್ಟ. ದಿನಕ್ಕೆ 13 ಗಂಟೆಯವರೆಗೂ ವಿದ್ಯುತ್ ಕಡಿತವಿತ್ತು. ಜೂನ್ ಕೊನೆಯಲ್ಲಿ ಎರಡು ವಾರ ಪೆಟ್ರೋಲು, ಡೀಸೆಲ್ ಅಗತ್ಯ ಸೇವೆಗಳಿಗೆ ಮಾತ್ರ ಎಂದು ಆಜ್ಞೆಯಾಯಿತು. ಔಷಧಿಗೂ ಕೊರತೆಯಿತ್ತು. ವಿಮಾನ ನಿಲ್ದಾಣದಿಂದ ಕ್ಯಾಂಡಿಗೋ ನುವರ ಎಲಿಯಕ್ಕೋ ಹೋಗುವುದು ಹೇಗೆ, ಮಗುವಿಗೆ ಜ್ವರ ಬಂದರೆ ಮದ್ದು ಸಿಗುತ್ತದೆಯೇ ಎಂದು ಕೇಳುವವನಿಗೆ "ನಿಮ್ಮನ್ನು ಯಾರೂ ಹೊಡೆಯುವುದಿಲ್ಲ" ಎಂಬುದು ಉತ್ತರವಾಗಲಾರದು.

ಭರವಸೆಗೆ ಬೆಲೆ ಬಂದದ್ದು ಕೆಲಸ ಕಂಡ ಮೇಲೆ. ಜುಲೈ-ಆಗಸ್ಟ್‌ನಲ್ಲಿ ವಾಹನಗಳಿಗೆ ಇಂಧನದ ಪಾಲು ಗೊತ್ತುಮಾಡಿ ಹಂಚುವ ವ್ಯವಸ್ಥೆ ಜಾರಿಗೆ ಬಂತು. ಬಂಕುಗಳ ಮುಂದಿನ ಸಾಲು ಕ್ರಮೇಣ ಕರಗಿತು. 2022ರಲ್ಲಿ ಒಟ್ಟು 7.2 ಲಕ್ಷವಿದ್ದ ಪ್ರವಾಸಿಗರು 2023ರಲ್ಲಿ 14.9 ಲಕ್ಷಕ್ಕೂ, 2024ರಲ್ಲಿ 20.5 ಲಕ್ಷಕ್ಕೂ ಏರಿದರು. ಈ ಮೂರು ವರ್ಷವೂ ಹೆಚ್ಚು ಮಂದಿ ಹೋದದ್ದು ನಮ್ಮ ಭಾರತದಿಂದಲೇ.

"ಕುಂದುಕೊರತೆಗಳನ್ನು ನಾವೇ ಹೇಳಿಕೊಂಡರೆ ಅತಿಥಿ ಬೇರೆ ಕಡೆ ಹೋಗುತ್ತಾನೆ, ಸುದ್ದಿಯವರು ಹೆದರಿಸುವುದು ಸಾಲದೇ?" ಎಂದು ಕೆಲವು ಸದಸ್ಯರು ಕೇಳಬಹುದು. ಅವರ ಸಂಕಟ ನಮಗೆ ತಿಳಿಯದ್ದಲ್ಲ. ಅತಿಥಿ ಬಾರದಿದ್ದರೆ ಮೊದಲು ಕೈ ಬರಿದಾಗುವುದು ಜೀಪಿನ ಚಾಲಕನದು, ಅಡಿಗೆಗೆ ಬರುವ ಹೆಣ್ಣುಮಗಳದು. ಆದರೆ ಮೇಲೆ ಬೆಟ್ಟೆ ಹರಡಿ ಒಳಗೆ ಗೊರಬಲು ತುಂಬಿದ ಮೂಟೆಯನ್ನು ಮಂಡಿಯಲ್ಲಿ ಒಮ್ಮೆ ಮಾರಬಹುದು; ಎರಡನೆಯ ಸಲ ಖರೀದಿದಾರ ಆ ಮೂಟೆಯ ಹತ್ತಿರವೂ ಸುಳಿಯುವುದಿಲ್ಲ. ನಮ್ಮ ಮಾತು ನಂಬಿ ಬಂದು ದಾರಿಯಲ್ಲಿ ಸಿಕ್ಕಿಬಿದ್ದ ಒಂದು ಕುಟುಂಬ ಹತ್ತು ಕುಟುಂಬಗಳನ್ನು ತಡೆಯುತ್ತದೆ.

ಪ್ರವಾಸಿಗರಿಗೆ ಎಲ್ಲಿಯೂ ಏನೂ ಆಗುವುದಿಲ್ಲ ಎಂಬುದನ್ನು ಸೂತ್ರವಾಗಿ ಹಿಡಿಯುವಂತೆಯೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಯುವಜನರ ಪ್ರತಿಭಟನೆ ಭುಗಿಲೆದ್ದಾಗ ಹೋಟೆಲುಗಳಿಗೂ ಬೆಂಕಿ ಬಿತ್ತು; ಕಠ್ಮಂಡು ವಿಮಾನ ನಿಲ್ದಾಣವನ್ನು 9ರಂದು ಮುಚ್ಚಿ, ಮರುದಿನ ತೆರೆಯಲಾಯಿತು. ಒಂದೊಂದು ಗಲಭೆಯ ಸ್ವರೂಪ ಒಂದೊಂದು. ಆದ್ದರಿಂದ ಆಯಾ ಊರಿನ, ಆಯಾ ದಿನದ ಸ್ಥಿತಿಯನ್ನೇ ಹೇಳಬೇಕು.

ಈ ದೃಷ್ಟಿಯಿಂದ ನಮ್ಮ ಸಲಹೆಗಳು ಇವು. ಗಲಭೆ ಎಲ್ಲಿ ನಡೆಯಿತು, ತೋಟಕ್ಕೆ ಅಲ್ಲಿಂದ ಎಷ್ಟು ದೂರ ಎಂದು ತಿಳಿಸಿ. ನಿಷೇಧಾಜ್ಞೆ ಎಲ್ಲೆಲ್ಲಿ, ಯಾವ ದಿನದವರೆಗೆ ಎಂಬುದನ್ನು ಪೊಲೀಸ್ ಠಾಣೆಯಲ್ಲೇ ವಿಚಾರಿಸಿ ಹೇಳಿ. ಕೇಳಿದ ಸುದ್ದಿಯನ್ನು ದಾಟಿಸಬೇಡಿ. ಬಸ್ಸು, ರಸ್ತೆ, ಪೆಟ್ರೋಲು, ಆಸ್ಪತ್ರೆ ಈ ನಾಲ್ಕರ ಸ್ಥಿತಿ ತಿಳಿಸಿ. ಮುಂಗಡ ಹಣವನ್ನು ಹಿಂದಿರುಗಿಸುವ ಅಥವಾ ದಿನ ಬದಲಿಸಿಕೊಡುವ ಮಾತನ್ನು ಮೊದಲೇ ಆಡಿ. ವಿದೇಶೀ ಅತಿಥಿಯಾದರೆ, ಅವರ ಸರ್ಕಾರದ ಪ್ರವಾಸ ಸೂಚನೆಯನ್ನು ನೋಡಿಕೊಳ್ಳಲು ಹೇಳಿ. ಆ ಸೂಚನೆ ಮೀರಿ ಬಂದರೆ ಎಷ್ಟೋ ವಿಮೆಗಳು ಊರ್ಜಿತವಾಗುವುದಿಲ್ಲ. ಕೊನೆಯದಾಗಿ, ಮನಸ್ಸಿಗೆ ಅನುಮಾನವಿದ್ದರೆ "ಈ ವಾರ ಬೇಡ, ಮುಂದೆ ಬನ್ನಿ" ಎನ್ನಲು ಹಿಂಜರಿಯಬೇಡಿ.

ಕೊಯ್ಲು ಮುಗಿಸಿ ಪ್ರವಾಸ ಹೊರಡುವ ನಮ್ಮ ಸದಸ್ಯರೂ ಹೋಗುವ ಊರಿನವರನ್ನು ಇದೇ ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಊರು, ದಿನ, ದಾರಿ ಹಿಡಿದು ಉತ್ತರ ಕೊಡುವವರ ಮಾತನ್ನು ನಂಬಬಹುದು; ಎಲ್ಲಕ್ಕೂ "ಏನೂ ಆಗಿಲ್ಲ" ಎನ್ನುವವರನ್ನು ಇನ್ನೊಮ್ಮೆ ವಿಚಾರಿಸಬೇಕು.

ಹೋಂಸ್ಟೇ ನಡೆಸುವ ಸದಸ್ಯರು ತಮ್ಮ ಅನುಭವ, ಅಭಿಪ್ರಾಯಗಳನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಗಲಭೆಯ ದಿನಗಳಲ್ಲಿ ನಾವೆಲ್ಲ ಒಂದೇ ಮಾತು, ಅದೂ ನಿಜವಾದ ಮಾತು ಆಡುವಂತಾದರೆ ಅದರಿಂದ ಎಲ್ಲರಿಗೂ ಹಿತ.

— ಕಾರ್ಯದರ್ಶಿ