ಬಾಗಿಲು ತೆರೆದಿದ್ದರೆ ತಾನೆ ಅದು ವಿಶ್ವಕಪ್?

ಕಳೆದ ತಿಂಗಳು ನಮ್ಮ ಕಾಲೇಜಿನ ರಸಪ್ರಶ್ನೆ ಸ್ಪರ್ಧೆಯಲ್ಲಿ ಒಂದು ಪ್ರಶ್ನೆ ಬಂತು: "ಕ್ರಿಕೆಟ್‌ನ ಮೊದಲ ವಿಶ್ವಕಪ್ ನಡೆದದ್ದು ಯಾವ ವರ್ಷ?" ನಮ್ಮ ತಂಡದ ಪರವಾಗಿ ನಾನು "1973" ಎಂದೆ. ಸಭಾಂಗಣದಲ್ಲಿ ನಗು ಎದ್ದಿತು. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು. ಅವರು "1975" ಎಂದರು. ಚಪ್ಪಾಳೆಯೂ ಬಿತ್ತು, ಹತ್ತು ಅಂಕವೂ ಸಿಕ್ಕಿತು. ಮರುದಿನ ಪ್ರಶ್ನೆ ಕೇಳಿದ ಸರ್ ತಾವಾಗಿಯೇ ನಮ್ಮ ತರಗತಿಗೆ ಬಂದು, "ನೀನು ಹೇಳಿದ್ದೇ ಸರಿಯಮ್ಮಾ, ಪುರುಷರ ವಿಶ್ವಕಪ್ ಎಂದು ನಾನು ಕೇಳಬೇಕಿತ್ತು" ಎಂದರು. ಎಲ್ಲರೆದುರು ತಪ್ಪು ಒಪ್ಪಿಕೊಂಡ ಅವರ ದೊಡ್ಡ ಮನಸ್ಸಿಗೆ ನನ್ನ ಗೌರವವಿದೆ. ಈ ಬರಹ ಆ ಹತ್ತು ಅಂಕಕ್ಕಾಗಿ ಅಲ್ಲ. ಆ ನಗುವಿನ ಬಗ್ಗೆ.

ನಿಜ ಸಂಗತಿ ಇಷ್ಟೇ. ಕ್ರಿಕೆಟ್‌ನ ಮೊದಲ ವಿಶ್ವಕಪ್ ಆಡಿದವರು ಮಹಿಳೆಯರು. 1973ರಲ್ಲಿ, ಇಂಗ್ಲೆಂಡಿನಲ್ಲಿ. ಇಂಗ್ಲೆಂಡ್ ತಂಡದ ನಾಯಕಿ ರೇಚಲ್ ಹೇಹೋ ಫ್ಲಿಂಟ್ ಇದರ ಹಿಂದೆ ಓಡಾಡಿದವರು. ಜ್ಯಾಕ್ ಹೇವರ್ಡ್ ಎಂಬ ಉದ್ಯಮಿ 40,000 ಪೌಂಡ್ ಕೊಟ್ಟರು. ಏಳು ತಂಡಗಳು ಸೇರಿದವು. ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗೆ ಜಮೈಕಾ, ಟ್ರಿನಿಡಾಡ್ ಮತ್ತು ಟೊಬೇಗೊ, ಯುವತಿಯರ 'ಯಂಗ್ ಇಂಗ್ಲೆಂಡ್' ಹಾಗೂ ಬೇರೆ ಬೇರೆ ದೇಶದವರನ್ನು ಕೂಡಿಸಿ ಕಟ್ಟಿದ ಒಂದು ಅಂತಾರಾಷ್ಟ್ರೀಯ ತಂಡ. ತಂಡ ಸಾಲದಿದ್ದಾಗ ಇದ್ದವರನ್ನು ಹೊರಗೆ ಕಳಿಸಲಿಲ್ಲ, ಇಲ್ಲದವರನ್ನು ಕರೆದು ತಂಡ ಮಾಡಿದರು. ಎಜ್‌ಬಾಸ್ಟನ್‌ನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಎನಿಡ್ ಬೇಕ್‌ವೆಲ್ 118 ರನ್ ಹೊಡೆದು, ಇಂಗ್ಲೆಂಡ್ 92 ರನ್‌ಗಳಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. ವಿಶ್ವಕಪ್ ಗೆದ್ದ ಈ ಹೆಣ್ಣುಮಕ್ಕಳಿಗೆ ಲಾರ್ಡ್ಸ್ ಮೈದಾನದಲ್ಲಿ ಆಡಲು ಅವಕಾಶ ಸಿಕ್ಕಿದ್ದು ಮಾತ್ರ 1976ರಲ್ಲಿ.

ಅದೇ 1976ರಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸ್ ವಿರುದ್ಧ ನಮ್ಮ ಬೆಂಗಳೂರಿನಲ್ಲೇ ಆಡಿದರು. ನಾಯಕಿ ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನನಗೂ ಆ ರಸಪ್ರಶ್ನೆಗೆ ತಯಾರಿ ಮಾಡುವವರೆಗೆ ಗೊತ್ತಿರಲಿಲ್ಲ.

ಪುರುಷರ ಮೊದಲ ವಿಶ್ವಕಪ್ ಬಂದದ್ದು 1975ರಲ್ಲಿ, ಅದೂ ಇಂಗ್ಲೆಂಡಿನಲ್ಲೇ. 60 ಓವರ್, ಬಿಳಿ ಬಟ್ಟೆ, ಕೆಂಪು ಚೆಂಡು. ಆರು ಟೆಸ್ಟ್ ದೇಶಗಳ ಜೊತೆಗೆ ಶ್ರೀಲಂಕಾ ಮತ್ತು ಪೂರ್ವ ಆಫ್ರಿಕಾ ತಂಡಗಳನ್ನೂ ಕರೆದರು. ವೆಸ್ಟ್ ಇಂಡೀಸ್ ಎದುರು ಶ್ರೀಲಂಕಾ 86ಕ್ಕೆ ಆಲೌಟ್ ಆಯಿತು. "ಇಂಥ ತಂಡಗಳನ್ನು ಕರೆದು ಸಮಯ ಯಾಕೆ ಹಾಳುಮಾಡಬೇಕು?" ಎಂದು ಆ ದಿನ ಯಾರಾದರೂ ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಿತ್ತು. ಉತ್ತರ ಬರಲು 21 ವರ್ಷ ಹಿಡಿಯಿತು. 1996ರಲ್ಲಿ ಲಾಹೋರ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಕಪ್ ಎತ್ತಿದ್ದು ಅದೇ ಶ್ರೀಲಂಕಾ.

ಶ್ರೀಲಂಕಾದ ಮಾತು ಬಿಡಿ, ನಮ್ಮದೇ ಕಥೆ ಕೇಳಿ. 1975ರ ಮೊದಲ ಪಂದ್ಯದಲ್ಲಿ ಇಂಗ್ಲೆಂಡ್ 334 ರನ್ ಮಾಡಿತು. ಭಾರತ 60 ಓವರ್ ಪೂರ್ತಿ ಆಡಿ 3 ವಿಕೆಟ್‌ಗೆ 132 ಮಾಡಿತು. ಸುನಿಲ್ ಗಾವಸ್ಕರ್ 174 ಎಸೆತ ಆಡಿ ಔಟಾಗದೆ ಉಳಿದರು, ರನ್ ಮಾತ್ರ 36! ಆ ಟೂರ್ನಿಯಲ್ಲಿ ನಾವು ಗೆದ್ದದ್ದು ಪೂರ್ವ ಆಫ್ರಿಕಾ ವಿರುದ್ಧ ಮಾತ್ರ. 1979ರಲ್ಲಿ ಮೂರಕ್ಕೆ ಮೂರೂ ಸೋತೆವು. ಅದರಲ್ಲಿ ಒಂದು ಸೋಲು, ಆಗಿನ್ನೂ ಟೆಸ್ಟ್ ಮಾನ್ಯತೆ ಸಿಗದ ಶ್ರೀಲಂಕಾ ಎದುರು. ಎರಡು ವಿಶ್ವಕಪ್, ಆರು ಪಂದ್ಯ, ಒಂದೇ ಗೆಲುವು. "ಚೆನ್ನಾಗಿ ಆಡುವವರಿಗೆ ಮಾತ್ರ ಜಾಗ" ಎಂಬ ನಿಯಮ ಆಗ ಇದ್ದಿದ್ದರೆ ಮೊದಲು ಹೊರಬೀಳಬೇಕಾದವರು ನಾವೇ.

ಹಾಗಾಗಿದ್ದರೆ 1983 ಇರುತ್ತಿರಲಿಲ್ಲ. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ 17ಕ್ಕೆ 5 ವಿಕೆಟ್ ಬಿದ್ದ ಮೇಲೆ ಕಪಿಲ್ ದೇವ್ ಹೊಡೆದ 175 ಇರುತ್ತಿರಲಿಲ್ಲ. ಎಂಟು ವಿಕೆಟ್ ಹೋದಾಗ ಬಂದು, ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಜೊತೆಯಾಟದಲ್ಲಿ ಕಪಿಲ್‌ಗೆ ಆಸರೆಯಾದ ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿಯ 24 ರನ್ ಇರುತ್ತಿರಲಿಲ್ಲ. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ ಪಡೆದ ಬೆಂಗಳೂರಿನ ರೋಜರ್ ಬಿನ್ನಿಯ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ.

1979ರಿಂದ ಚಿಕ್ಕ ದೇಶಗಳಿಗಾಗಿ ಐಸಿಸಿ ಟ್ರೋಫಿ ಎಂಬ ಪಂದ್ಯಾವಳಿ ಶುರುವಾಯಿತು. ಅದು ವಿಶ್ವಕಪ್‌ಗೆ ಹತ್ತುವ ಏಣಿ. ಆ ಏಣಿ ಹತ್ತಿ ಬಂದ ಜಿಂಬಾಬ್ವೆ 1983ರಲ್ಲಿ ತನ್ನ ಮೊದಲ ಪಂದ್ಯದಲ್ಲೇ ಆಸ್ಟ್ರೇಲಿಯಾವನ್ನು ಸೋಲಿಸಿತು. 1996ರಲ್ಲಿ ಕೀನ್ಯಾ, ಪುಣೆಯಲ್ಲಿ ವೆಸ್ಟ್ ಇಂಡೀಸನ್ನು 93ಕ್ಕೆ ಉರುಳಿಸಿತು. 1997ರಲ್ಲಿ ಐಸಿಸಿ ಟ್ರೋಫಿ ಗೆದ್ದ ಬಾಂಗ್ಲಾದೇಶ, 1999ರ ವಿಶ್ವಕಪ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿತು. 2011ರ ಮಾರ್ಚ್ 2ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡ್, ಇಂಗ್ಲೆಂಡ್ ಕೊಟ್ಟ 328 ರನ್ ಗುರಿಯನ್ನು ದಾಟಿತು. 111ಕ್ಕೆ 5 ವಿಕೆಟ್ ಹೋಗಿದ್ದ ಆ ಪಂದ್ಯದಲ್ಲಿ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ಶತಕ ಹೊಡೆದರು. ನನ್ನ ಅಣ್ಣ ಆಗ ಶಾಲೆಯಲ್ಲಿದ್ದ. ಇಡೀ ಓಣಿ ಟಿ.ವಿ. ಮುಂದೆ ಕೂತು, ಅಲ್ಲಿಯವರೆಗೆ ಹೆಸರೇ ಕೇಳದ ತಂಡಕ್ಕೆ ಕೂಗು ಹಾಕಿದ್ದನ್ನು ಈಗಲೂ ಹೇಳುತ್ತಾನೆ.

ಇಷ್ಟೆಲ್ಲ ಆದ ಮೇಲೆ ಐಸಿಸಿ ಮಾಡಿದ್ದೇನು? ಬಾಗಿಲನ್ನು ಕಿರಿದು ಮಾಡಿತು. 2007ರಲ್ಲಿ 16 ತಂಡ ಇದ್ದವು. 2011 ಮತ್ತು 2015ರಲ್ಲಿ 14. 2019 ಮತ್ತು 2023ರಲ್ಲಿ ಕೇವಲ 10. ಫುಟ್‌ಬಾಲ್ ತನ್ನ ವಿಶ್ವಕಪ್ಪನ್ನು 32ರಿಂದ 48 ತಂಡಕ್ಕೆ ಹಿಗ್ಗಿಸುವ ನಿರ್ಧಾರ ಮಾಡಿದ ಕಾಲದಲ್ಲೇ ಕ್ರಿಕೆಟ್ ತನ್ನದನ್ನು ಕುಗ್ಗಿಸಿತು.

ಇದಕ್ಕೆ ಕಾರಣ ಕೊಡುವವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. 2007ರಲ್ಲಿ ಭಾರತ, ಬರ್ಮುಡಾ ವಿರುದ್ಧ 413 ರನ್ ಹೊಡೆದು 257 ರನ್‌ಗಳಿಂದ ಗೆದ್ದಿತು. ಅಂಥ ಪಂದ್ಯವನ್ನು ಯಾರು ಕೂತು ನೋಡುತ್ತಾರೆ? ಟೂರ್ನಿಯೂ ಒಂದೂವರೆ ತಿಂಗಳು ಎಳೆದಿತ್ತು. ಇದನ್ನು ನಾನು ಒಪ್ಪುತ್ತೇನೆ. ಆದರೆ ಅದೇ 2007ರಲ್ಲಿ ಇನ್ನೊಂದೂ ಆಯಿತು. ಮಾರ್ಚ್ 17ರಂದು ಒಂದೇ ದಿನ ಬಾಂಗ್ಲಾದೇಶ ಭಾರತವನ್ನೂ, ಐರ್ಲೆಂಡ್ ಪಾಕಿಸ್ತಾನವನ್ನೂ ಸೋಲಿಸಿದವು. ಎರಡೂ ದೊಡ್ಡ ತಂಡಗಳು ಮೊದಲ ಸುತ್ತಿನಲ್ಲೇ ಮನೆಗೆ ಹೊರಟವು. ಹತ್ತು ತಂಡಗಳ ಹೊಸ ಪದ್ಧತಿಯಲ್ಲಿ ಎಲ್ಲರೂ ಎಲ್ಲರ ವಿರುದ್ಧ ಆಡಬೇಕು. ಅಂದರೆ ಭಾರತಕ್ಕೆ ಕನಿಷ್ಠ ಒಂಬತ್ತು ಪಂದ್ಯ ಖಾತ್ರಿ. ಟಿ.ವಿ. ಜಾಹೀರಾತಿನ ಲೆಕ್ಕ ಗೊತ್ತಿರುವ ವಾಣಿಜ್ಯ ವಿಭಾಗದ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುರ್ಬಲರು ಚೆನ್ನಾಗಿ ಆಡುವುದಿಲ್ಲ ಎಂಬುದಕ್ಕಿಂತ, ಒಂದೊಂದು ದಿನ ತುಂಬ ಚೆನ್ನಾಗಿ ಆಡಿಬಿಡುತ್ತಾರೆ ಎಂಬ ಅಂಜಿಕೆಯೇ ಬಾಗಿಲು ಮುಚ್ಚಿತು ಎಂದು ನನ್ನ ಅನಿಸಿಕೆ.

ಬಾಗಿಲು ಕಿರಿದಾದರೆ ಹೊರಗುಳಿಯುವವರು ಚಿಕ್ಕವರು ಮಾತ್ರವಲ್ಲ. ಮೊದಲ ಎರಡು ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್, 2023ರಲ್ಲಿ ಅರ್ಹತಾ ಸುತ್ತಿನಲ್ಲಿ ಸ್ಕಾಟ್ಲೆಂಡ್‌ಗೆ ಸೋತು ವಿಶ್ವಕಪ್‌ನಿಂದಲೇ ಹೊರಗುಳಿಯಿತು. ಸ್ಕಾಟ್ಲೆಂಡ್‌ಗಾದರೂ ಜಾಗ ಸಿಕ್ಕಿತೇ? ಅದೂ ಇಲ್ಲ.

ಇನ್ನು ಅಫ್ಘಾನಿಸ್ತಾನದ ಕಥೆ. ಅಲ್ಲಿಯ ಹುಡುಗರಲ್ಲಿ ಅನೇಕರು ಬ್ಯಾಟು ಹಿಡಿದದ್ದು ಪಾಕಿಸ್ತಾನದ ನಿರಾಶ್ರಿತರ ಶಿಬಿರಗಳಲ್ಲಿ. 2008ರಲ್ಲಿ ಅವರು ವಿಶ್ವ ಕ್ರಿಕೆಟ್ ಲೀಗ್‌ನ ಐದನೇ ದರ್ಜೆಯಲ್ಲಿ ಆಡುತ್ತಿದ್ದರು. 2015ರಲ್ಲಿ ವಿಶ್ವಕಪ್‌ಗೆ ಬಂದರು. 2018ರ ಜೂನ್‌ನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ. ಎರಡೇ ದಿನದಲ್ಲಿ ಸೋತರು. ಪಂದ್ಯ ಮುಗಿದ ಮೇಲೆ ನಾಯಕ ಅಜಿಂಕ್ಯ ರಹಾನೆ ಎದುರಾಳಿಗಳನ್ನೂ ಕರೆದು, ಟ್ರೋಫಿಯ ಜೊತೆ ಎರಡೂ ತಂಡ ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಂಡಿತು. ಐದು ವರ್ಷ ಕಳೆಯಿತು. 2023ರ ವಿಶ್ವಕಪ್‌ನಲ್ಲಿ ಅದೇ ಅಫ್ಘಾನಿಸ್ತಾನ ಇಂಗ್ಲೆಂಡ್, ಪಾಕಿಸ್ತಾನ, ಶ್ರೀಲಂಕಾ ಮೂರನ್ನೂ ಸೋಲಿಸಿತು. 20 ತಂಡಗಳಿದ್ದ 2024ರ ಟಿ20 ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿತು.

ನಾವೆಲ್ಲ ಈ ಕಥೆಗೆ ಚಪ್ಪಾಳೆ ತಟ್ಟುತ್ತೇವೆ. ತಟ್ಟಲೇಬೇಕು. ಆದರೆ ಕಥೆಯ ಇನ್ನರ್ಧವನ್ನೂ ಓದಬೇಕು. 2020ರಲ್ಲಿ ಅಫ್ಘಾನಿಸ್ತಾನದ ಮಂಡಳಿ 25 ಮಹಿಳಾ ಆಟಗಾರ್ತಿಯರಿಗೆ ಗುತ್ತಿಗೆ ಕೊಟ್ಟಿತ್ತು. 2021ರ ಆಗಸ್ಟ್‌ನಲ್ಲಿ ಆಡಳಿತ ಬದಲಾಯಿತು. ಆ ತಂಡ ತನ್ನ ದೇಶಕ್ಕಾಗಿ ಒಂದು ಪಂದ್ಯವನ್ನೂ ಆಡುವ ಮೊದಲೇ ಚದುರಿತು. ಅವರಲ್ಲಿ ಬಹಳಷ್ಟು ಮಂದಿ ಆಸ್ಟ್ರೇಲಿಯಾ ಸೇರಿದರು. 2025ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಒಂದು ಪ್ರದರ್ಶನ ಪಂದ್ಯಕ್ಕೆ ಮತ್ತೆ ಒಟ್ಟಾದರು. ಶಿಬಿರದ ಹುಡುಗನಿಗೆ ಜಗತ್ತು ಬಾಗಿಲು ತೆರೆದಾಗ ಅವನು ಏನಾಗಬಲ್ಲ ಎಂದು ನೋಡಿದೆವು. ಅವನ ತಂಗಿ ಏನಾಗಬಲ್ಲಳು ಎಂದು ನೋಡುವ ಅವಕಾಶ ನಮಗೆ ಸಿಕ್ಕಿಲ್ಲ. ನಮ್ಮ ಕಡೆ ನೋಡಿದರೆ, 1978ರಿಂದ ಸೋಲುತ್ತಲೇ ಬಂದ ಭಾರತದ ಮಹಿಳೆಯರು 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಮೊದಲ ಬಾರಿ ವಿಶ್ವಕಪ್ ಎತ್ತಿದರು. ನಡುವೆ 47 ವರ್ಷ. ಅಷ್ಟೂ ವರ್ಷ ಯಾರೂ "ಸಾಕು, ನೀವು ಹೊರಡಿ" ಎನ್ನಲಿಲ್ಲವಾದ್ದರಿಂದ ಆ ದಿನ ಬಂತು.

ಈಗ ನಮ್ಮ ಅಂಗಳಕ್ಕೆ ಬರುತ್ತೇನೆ. ನಮ್ಮ ಕಾಲೇಜಿನ ಅಂತರ್‌ತರಗತಿ ಕ್ರಿಕೆಟ್‌ನಲ್ಲಿ ಮೊದಲು ಆರೂ ತರಗತಿಗಳು ಆಡುತ್ತಿದ್ದವು. ಎರಡು ವರ್ಷಗಳಿಂದ "ಸಮಯ ಸಾಲದು" ಎಂದು ನಾಲ್ಕೇ ತಂಡ. ಹಿಂದಿನ ವರ್ಷ ಕೊನೆಯ ಎರಡು ಸ್ಥಾನದಲ್ಲಿದ್ದ ತರಗತಿಗಳಿಗೆ ಅವಕಾಶವಿಲ್ಲ. ಎರಡೂ ಸಲ ಹೊರಗುಳಿದದ್ದರಲ್ಲಿ ನಮ್ಮ ಕಲಾ ವಿಭಾಗವೂ ಒಂದು. ಹೊಸದಾಗಿ ಸೇರಿದ ಪ್ರಥಮ ಪಿಯುಸಿ ಹುಡುಗರು, ತಾವು ನೋಡಿಯೂ ಇರದ ಹಿರಿಯರ ಸೋಲಿಗೆ ಬೌಂಡರಿ ಗೆರೆಯ ಹೊರಗೆ ಕೂತು ಸ್ಕೋರ್ ಬರೆಯುತ್ತಾರೆ. ಅವರಲ್ಲಿ ಕೆಲವರು ಸಂಜೆ ಮಗ್ರಿಬ್ ಅಝಾನ್ ಆಗುವವರೆಗೂ ಓಣಿಯಲ್ಲಿ ಆಡುವುದನ್ನು ನಾನು ಕಂಡಿದ್ದೇನೆ. ಆಡಲು ಬಾರದವರಲ್ಲ ಅವರು. ಹುಡುಗಿಯರಿಗಂತೂ ಕ್ರಿಕೆಟ್ ಇಲ್ಲವೇ ಇಲ್ಲ. ಥ್ರೋಬಾಲ್ ಇದೆ, ನಿಂಬೆಹಣ್ಣು-ಚಮಚದ ಓಟ ಇದೆ.

ಸಮಯದ ತೊಂದರೆ ಸುಳ್ಳಲ್ಲ. ಪರೀಕ್ಷೆ ಇದೆ, ಮೈದಾನ ಒಂದೇ, ದೈಹಿಕ ಶಿಕ್ಷಣದ ಸರ್ ಒಬ್ಬರೇ. ಆದ್ದರಿಂದ ದೂರು ಹೇಳಿ ಸುಮ್ಮನಾಗದೆ ಒಂದು ಲೆಕ್ಕ ಕೊಡುತ್ತೇನೆ. ಈಗ ನಾಲ್ಕು ತಂಡಗಳು 12 ಓವರ್‌ಗಳಂತೆ ಮೂರು ಪಂದ್ಯ ಆಡುತ್ತವೆ. ಎರಡು ಇನಿಂಗ್ಸ್ ಸೇರಿ ಪಂದ್ಯಕ್ಕೆ 24, ಒಟ್ಟು 72 ಓವರ್. ಆರು ತಂಡಗಳನ್ನು ಮೂರರಂತೆ ಎರಡು ಗುಂಪು ಮಾಡಿ, ಐದು ಓವರ್ ಪಂದ್ಯ ಆಡಿಸಿದರೆ ಗುಂಪಿನ ಆರು ಪಂದ್ಯ ಮತ್ತು ಫೈನಲ್ ಸೇರಿ ಏಳು ಪಂದ್ಯ, 70 ಓವರ್. ಎಲ್ಲ ತರಗತಿಗೂ ಕನಿಷ್ಠ ಎರಡು ಪಂದ್ಯ ಸಿಗುತ್ತದೆ, ಎರಡು ಓವರ್ ಉಳಿಯುತ್ತದೆ. ಹುಡುಗಿಯರಿಗೆ ಇನ್ನೊಂದು ದಿನ ಬೇಕು ಎಂದು ಕೇಳುತ್ತಿಲ್ಲ. ಥ್ರೋಬಾಲ್ ನಡೆಯುವ ದಿನ ಮಧ್ಯಾಹ್ನ ಮೈದಾನ ಖಾಲಿ ಇರುತ್ತದೆ. ಟೆನಿಸ್ ಚೆಂಡು ಸಾಕು. ತಂಡ ತುಂಬದಿದ್ದರೆ 1973ರಲ್ಲಿ ಮಾಡಿದಂತೆ ಬೇರೆ ಬೇರೆ ತರಗತಿಯವರನ್ನು ಕೂಡಿಸಿ ಒಂದು ತಂಡ ಕಟ್ಟೋಣ. ಅಂಪೈರಿಂಗ್, ಸ್ಕೋರಿಂಗ್ ನಾವೇ ಕಲಿತು ಮಾಡುತ್ತೇವೆ.

ಐಸಿಸಿ ಕೂಡ ತನ್ನ ನಿರ್ಧಾರವನ್ನು ತಿದ್ದಿಕೊಂಡಿದೆ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾಗಳಲ್ಲಿ ನಡೆಯಬೇಕಿರುವ 2027ರ ವಿಶ್ವಕಪ್‌ಗೆ ಮತ್ತೆ 14 ತಂಡಗಳು. ಅಷ್ಟು ದೊಡ್ಡ ಸಂಸ್ಥೆಗೆ ಬಾಗಿಲು ಮತ್ತೆ ಅಗಲ ಮಾಡಲು ಎಂಟು ವರ್ಷ ಬೇಕಾಯಿತು. ನಮ್ಮ ಪ್ರಾಂಶುಪಾಲರು ಮತ್ತು ಕ್ರೀಡಾ ಸಮಿತಿ ಮನಸ್ಸು ಮಾಡಿದರೆ ಒಂದು ಸಭೆ ಸಾಕು.

ಮುಂದಿನ ತಿಂಗಳು ಕ್ರೀಡಾಕೂಟದ ಪಟ್ಟಿ ತಯಾರಾಗುತ್ತದೆ. ನಮ್ಮ ತರಗತಿಯ ಹನ್ನೊಂದು ಹುಡುಗಿಯರು ಹೆಸರು ಕೊಡಲು ಒಪ್ಪಿದ್ದಾರೆ. ಅವರಲ್ಲಿ ಏಳು ಮಂದಿ ಇದುವರೆಗೆ ಬ್ಯಾಟು ಹಿಡಿದವರಲ್ಲ. ಮೊದಲ ಪಂದ್ಯ ನಾವು ಹೀನಾಯವಾಗಿ ಸೋಲಬಹುದು. ಶ್ರೀಲಂಕಾದ 86 ರನ್ ನಮಗೆ ಗೊತ್ತಿದೆ, ಪರವಾಗಿಲ್ಲ.

— ದ್ವಿತೀಯ ಪಿಯುಸಿ, ಕಲಾ ವಿಭಾಗದ ಒಬ್ಬ ವಿದ್ಯಾರ್ಥಿನಿ