ಅಪ್ಪನ ಕಾರ್ಡು, ಮಗನ ಹವ್ಯಾಸ

ನಮ್ಮ ಬೀದಿಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬನಿದ್ದಾನೆ. ಅವನಿಗೆ ಅಂಚೆಚೀಟಿ ಸಂಗ್ರಹದ ಹುಚ್ಚು. ತಾತ ಬಿಟ್ಟುಹೋದ ಎರಡು ಆಲ್ಬಮ್ಮುಗಳು ಈಗ ಏಳಾಗಿವೆ. ಭಾನುವಾರ ಅವನ ಮನೆಗೆ ಹೋದರೆ ಕಾಫಿಗಿಂತ ಮೊದಲು ಆಲ್ಬಮ್ ಬರುತ್ತದೆ. ಅದರಲ್ಲೂ ಹಕ್ಕಿಗಳ ಚಿತ್ರವಿರುವ ಚೀಟಿಗಳೆಂದರೆ ಅವನಿಗೆ ಪ್ರಾಣ.

ಕಳೆದ ವರ್ಷ ವಿದೇಶಿ ತಾಣವೊಂದರಲ್ಲಿ ಅಂಥ ಚೀಟಿಗಳ ಒಂದು ಕಟ್ಟು ಅವನ ಕಣ್ಣಿಗೆ ಬಿತ್ತು. ನಮ್ಮ ಲೆಕ್ಕದಲ್ಲಿ ಬೆಲೆ 640 ರೂಪಾಯಿ. ಎರಡು ದಿನ ಕಾಡಿದ ಮೇಲೆ ತಂದೆ ಒಪ್ಪಿದರು. ಬ್ಯಾಂಕಿನ ಆ್ಯಪ್ ತೆರೆದು ತಮ್ಮ ಕ್ರೆಡಿಟ್ ಕಾರ್ಡಿನ ವಿದೇಶಿ ಬಳಕೆಗೆ ಅನುಮತಿ ಕೊಟ್ಟು, ಕಾರ್ಡನ್ನು ಮಗನ ಕೈಗಿಟ್ಟು ಸ್ನಾನಕ್ಕೆ ಹೋದರು. ಹುಡುಗ ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಎಲ್ಲವನ್ನೂ ತುಂಬಿದ. ಒಟಿಪಿ ಬರಲೇ ಇಲ್ಲ, ಹಣ ಮಾತ್ರ ಹೋಯಿತು. ಎಷ್ಟು ಸಲೀಸಾಯಿತಲ್ಲ ಎಂದು ಇಬ್ಬರೂ ಸಂತೋಷಪಟ್ಟರು.

ಚೀಟಿಗಳು ಬರಲಿಲ್ಲ. ಎರಡು ವಾರದ ನಂತರ ಒಂದು ಸೋಮವಾರ ಸಂಜೆ ಹುಡುಗ ತಂದೆಯ ಫೋನಿನಲ್ಲಿ ಆಟವಾಡುತ್ತಿದ್ದಾಗ ಬ್ಯಾಂಕಿನಿಂದ ಸಂದೇಶ ಬಂತು. ಯಾವುದೋ ಕೇಳರಿಯದ ಅಂಗಡಿಯಲ್ಲಿ 23,400 ರೂಪಾಯಿ ಖರ್ಚು! ಅವನ ಕೈಕಾಲು ತಣ್ಣಗಾಯಿತು. ಹೇಳಿದರೆ ಬೈಗುಳ ಖಂಡಿತ, ಆಲ್ಬಮ್ಮುಗಳು ಅಟ್ಟ ಸೇರುವುದೂ ಖಂಡಿತ. ಅವನು ಸಂದೇಶವನ್ನು ಅಳಿಸಿಬಿಟ್ಟ. ಒಂದು ವಾರ ಅವನಿಗೆ ಊಟ ಸೇರಲಿಲ್ಲ. ಮುಂದಿನ ಸೋಮವಾರ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟ. ಅಜ್ಜಿಯಿಂದ ತಂದೆಗೆ, ತಂದೆಯಿಂದ ಬ್ಯಾಂಕಿಗೆ ವಿಷಯ ಮುಟ್ಟಿತು. ವಿಚಾರಣೆ ನಡೆದು 13,400 ರೂಪಾಯಿ ವಾಪಸು ಬಂತು. ಉಳಿದ 10,000 ಬರಲಿಲ್ಲ.

ಯಾಕೆ ಬರಲಿಲ್ಲ? ಕಳ್ಳ ಯಾರೆಂಬುದಕ್ಕಿಂತ ಈ ಪ್ರಶ್ನೆ ಮುಖ್ಯ.

ಮೂರು ದಿನದ ಬೆಲೆ

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರದೂ ಅಲ್ಲದ, ಬ್ಯಾಂಕಿನದೂ ಅಲ್ಲದ ತಪ್ಪಿನಿಂದ, ನಡುವಿನ ಯಾರೋ ಮಾಡಿದ ಕೈಚಳಕದಿಂದ ಹಣ ಹೋದರೆ ಹೊಣೆ ಯಾರದು ಎಂಬುದನ್ನು ಅದು ಗೊತ್ತುಮಾಡಿತು. ಬ್ಯಾಂಕಿನ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ, 5 ಲಕ್ಷದವರೆಗೆ ಮಿತಿಯಿರುವ ಕ್ರೆಡಿಟ್ ಕಾರ್ಡಿಗೆ ಗರಿಷ್ಠ 10,000 ರೂಪಾಯಿ ಗ್ರಾಹಕರೇ ಹೊರಬೇಕು. ಅದೂ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ಇನ್ನು ಒಟಿಪಿಯನ್ನೋ ಪಿನ್ನನ್ನೋ ನಾವೇ ಬಾಯಿಬಿಟ್ಟು ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಮ್ಮದೇ.

ನಮ್ಮ ಹುಡುಗ ಆ ಸಂಜೆಯೇ ಹೇಳಿದ್ದರೆ 23,400 ರೂಪಾಯಿ ಪೂರ್ತಿ ಉಳಿಯುತ್ತಿತ್ತು. ಬೈಗುಳದ ಹೆದರಿಕೆಗೆ ಆ ಮನೆ ತೆತ್ತ ಬೆಲೆ ಹತ್ತು ಸಾವಿರ.

ಸಂಖ್ಯೆಯೊಳಗಿನ ಲೆಕ್ಕ

ಆ ತಾಣ ನಂಬಿಕೆಗೆ ಅರ್ಹವೆಂದು ಹೇಗೆ ತಿಳಿದೆ ಎಂದು ಹುಡುಗನನ್ನು ಕೇಳಿದೆ. ‘ಮೊದಲು ಒಂದು ಅಂಕಿ ತಪ್ಪಾಗಿ ಒತ್ತಿದೆ ಅಂಕಲ್, ತಕ್ಷಣ ಕಾರ್ಡ್ ಸಂಖ್ಯೆ ತಪ್ಪು ಅಂತ ಹೇಳಿತು. ಬ್ಯಾಂಕಿನ ಸಂಪರ್ಕ ಇರುವುದಕ್ಕೇ ಗೊತ್ತಾಯಿತು ಅಂದುಕೊಂಡೆ’ ಎಂದ. ಜಾಣ ಹುಡುಗ, ಆದರೆ ಊಹೆ ತಪ್ಪು.

ಐಬಿಎಂ ಕಂಪೆನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬುವರು 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1960ರಲ್ಲಿ ಪಡೆದ ಒಂದು ಸರಳ ಲೆಕ್ಕವಿದೆ. ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಬರುವುದು ಆ ಲೆಕ್ಕದಿಂದ. ವಿದ್ಯಾರ್ಥಿ ಮಿತ್ರರು ಕಾಗದ ಪೆನ್ನು ಹಿಡಿಯಬಹುದು. ಉದಾಹರಣೆಗೆ 7534 ಎಂಬ ಪುಟ್ಟ ಸಂಖ್ಯೆ ತೆಗೆದುಕೊಳ್ಳಿ. ಬಲಗಡೆಯಿಂದ ಎರಡನೆಯ ಅಂಕಿ 3, ನಾಲ್ಕನೆಯದು 7. ಇವನ್ನು ಇಮ್ಮಡಿಸಿದರೆ 6 ಮತ್ತು 14. ಎರಡಂಕಿ ಬಂದರೆ ಕೂಡಬೇಕು. 1 ಮತ್ತು 4 ಸೇರಿ 5. ಈಗ ಎಲ್ಲವನ್ನೂ ಕೂಡಿ: 5, 5, 6, 4. ಒಟ್ಟು 20. ಹತ್ತರಿಂದ ಭಾಗವಾದರೆ ಸಂಖ್ಯೆ ಸರಿ. ಕೊನೆಯ ಎರಡಂಕಿ ಅದಲುಬದಲಾಗಿ 7543 ಎಂದು ಬರೆದರೆ 21 ಬರುತ್ತದೆ, ತಪ್ಪು ಸಿಕ್ಕಿಬೀಳುತ್ತದೆ.

ಈ ಲೆಕ್ಕಕ್ಕೆ ಯಾವ ಬ್ಯಾಂಕಿನ ಸಂಪರ್ಕವೂ ಬೇಡ. ಕಳ್ಳನ ಪುಟವೂ ಅದನ್ನು ಮಾಡಬಲ್ಲುದು. ತಾನು ಕದಿಯುವ ಸಂಖ್ಯೆ ಸರಿಯಾಗಿರಲಿ ಎಂದು ಅವನಿಗೂ ಆಸೆ ಇರುತ್ತದಲ್ಲ!

ವಿಳಾಸದ ಪಕ್ಕದ ಬೀಗದ ಚಿತ್ರವೂ ಹಾಗೆಯೇ. ನಾವು ಕಳಿಸಿದ ಅಂಕಿಗಳನ್ನು ದಾರಿಯಲ್ಲಿ ಇನ್ನೊಬ್ಬರು ಓದಲಾರರು ಎಂಬುದಷ್ಟೇ ಅದರ ಅರ್ಥ. ತಲುಪಿದ ಜಾಗದಲ್ಲಿ ಕುಳಿತವನು ಸಾಚಾ ಎಂದಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಒಳ್ಳೆಯ ಅಂಗಡಿಗೂ ಕನ್ನ

ಹೆಸರುವಾಸಿ ತಾಣವಾದರೆ ಚಿಂತೆಯಿಲ್ಲವೇ? 2018ರ ಆಗಸ್ಟ್ 21ರಿಂದ ಸೆಪ್ಟೆಂಬರ್ 5ರವರೆಗೆ ಬ್ರಿಟಿಷ್ ಏರ್‌ವೇಸ್ ತಾಣದಲ್ಲಿ ಟಿಕೆಟ್ ಕೊಂಡವರ ಕಾರ್ಡ್ ವಿವರಗಳು ಕಳುವಾದವು. ಸುಮಾರು 3,80,000 ಪಾವತಿಗಳಿಗೆ ಪೆಟ್ಟು ಬಿದ್ದಿದೆಯೆಂದು ಕಂಪೆನಿ ಆಗ ಪ್ರಕಟಿಸಿತು. ಕಳ್ಳರು ಮಾಡಿದ್ದು ಇಷ್ಟೇ: ಪಾವತಿಯ ಪುಟದೊಳಗೆ ಇಪ್ಪತ್ತೆರಡು ಸಾಲಿನ ಒಂದು ಪ್ರೋಗ್ರಾಂ ಸೇರಿಸಿದರು. ಗ್ರಾಹಕರು ತುಂಬಿದ ವಿವರ ಕಂಪೆನಿಗೂ ಹೋಯಿತು, ಕಳ್ಳರಿಗೂ ಹೋಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ, ಒಬ್ಬರೋ ಇಬ್ಬರೋ ನಡೆಸುವ ಹವ್ಯಾಸದ ಪುಟ್ಟ ಅಂಗಡಿಗಳ ಪಾಡೇನು ಎಂದು ಯೋಚಿಸಿ.

ನಮ್ಮ ದೇಶದಲ್ಲಿ ಎರಡು ರಕ್ಷಣೆಗಳಿವೆ. 2009ರ ಆಗಸ್ಟ್‌ನಿಂದ ಇಲ್ಲಿನ ತಾಣಗಳಲ್ಲಿ ಕಾರ್ಡಿನ ಮೇಲೆ ಕಾಣುವ ವಿವರಗಳಷ್ಟೇ ಸಾಲವು, ಇನ್ನೊಂದು ಗುರುತೂ ಬೇಕು. ನಮಗೆ ಬರುವ ಒಟಿಪಿ ಅಂಥದ್ದೇ. ಎರಡನೆಯದಾಗಿ, 2022ರ ಅಕ್ಟೋಬರ್ 1ರಿಂದ ಅಂಗಡಿಗಳು ನಮ್ಮ ಕಾರ್ಡಿನ ಪೂರ್ಣ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಎಂಬ ಬದಲಿ ಸಂಖ್ಯೆ ಇರುತ್ತದೆ. ಒಂದು ಅಂಗಡಿಯ ಟೋಕನ್ ಕದ್ದು ಇನ್ನೊಂದು ಅಂಗಡಿಗೆ ಕೊಂಡೊಯ್ದರೆ ಅದು ಅಲ್ಲಿ ಸವಕಲು ನಾಣ್ಯ. ಆದರೆ ವಿದೇಶದ ಅನೇಕ ತಾಣಗಳು ಒಟಿಪಿ ಕೇಳುವುದೇ ಇಲ್ಲ. ನಮ್ಮ ಹುಡುಗ ಸಲೀಸು ಎಂದುಕೊಂಡದ್ದು ಇದನ್ನೇ. ನಮಗೆ ಸಲೀಸಾದ ಬಾಗಿಲು ಕಳ್ಳನಿಗೂ ಸಲೀಸು.

ಅಪರೂಪದ ಆಸೆ

ಹವ್ಯಾಸಿಗಳು ಬಲೆಗೆ ಬೀಳುವುದಕ್ಕೆ ಇನ್ನೊಂದು ಕಾರಣವಿದೆ. ಅಕ್ಕಿ ಬೇಳೆ ಕೊಳ್ಳುವಾಗ ನಾವು ನಾಲ್ಕು ಅಂಗಡಿ ವಿಚಾರಿಸುತ್ತೇವೆ. ಆಲ್ಬಮ್ಮಿನಲ್ಲಿ ಖಾಲಿ ಉಳಿದ ಒಂದೇ ಒಂದು ಜಾಗಕ್ಕೆ ಬೇಕಾದ ಚೀಟಿ ಕಂಡರೆ ಆ ವಿವೇಕ ಹಾರಿಹೋಗುತ್ತದೆ. ‘ಇನ್ನೊಂದೇ ಉಳಿದಿದೆ’ ಎಂದು ಬರೆದಿದ್ದರಂತೂ ಮುಗಿಯಿತು. ಮಾರುವವರ ಕಥೆಯೂ ಬೇರೆಯಲ್ಲ. ಹಳೆಯ ನೋಟು, ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್ ಕೀಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ತಾನು ಅಂಥ ವ್ಯವಹಾರ ಮಾಡುವುದೂ ಇಲ್ಲ, ಅದಕ್ಕೆ ಶುಲ್ಕ ಕೇಳುವುದೂ ಇಲ್ಲ ಎಂದು ಸ್ಪಷ್ಟಪಡಿಸಿತ್ತು.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಬಳಸದ ಬಾಗಿಲು ಮುಚ್ಚಿರಲಿ. ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಇವಕ್ಕೆ ಬೇರೆಬೇರೆ ಸ್ವಿಚ್ಚುಗಳನ್ನೂ ಖರ್ಚಿನ ಮಿತಿಯನ್ನೂ ಗ್ರಾಹಕರ ಕೈಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿತು. ಕೊಳ್ಳುವ ಹೊತ್ತಿಗೆ ತೆರೆಯಿರಿ, ಕೊಂಡ ಕೂಡಲೇ ಮುಚ್ಚಿರಿ. ನಮ್ಮ ಹುಡುಗನ ತಂದೆ ತೆರೆದರು, ಮುಚ್ಚಲು ಮರೆತರು.

ಎರಡನೆಯದು, ಮಿತಿ ಚಿಕ್ಕದಿರಲಿ. 640 ರೂಪಾಯಿಯ ಚೀಟಿಗೆ ಎರಡು ಲಕ್ಷ ಮಿತಿಯ ಕಾರ್ಡು ಯಾಕೆ? ಆನ್‌ಲೈನ್ ಮಿತಿಯನ್ನು ಸಾವಿರಕ್ಕೆ ಇಳಿಸಿ. ಇಲ್ಲವೇ ಸ್ವಲ್ಪವೇ ಹಣವಿಟ್ಟ ಬೇರೊಂದು ಖಾತೆಯ ಡೆಬಿಟ್ ಕಾರ್ಡ್ ಬಳಸಿ. ಸರಕು ತಲುಪಿದ ಮೇಲೆ ಹಣ ಕೊಡುವ ಅವಕಾಶವಿದ್ದರೆ ಇನ್ನೂ ಒಳ್ಳೆಯದು.

ಮೂರನೆಯದು, ತಾಣದ ವಿಳಾಸವನ್ನು ಅಕ್ಷರ ಅಕ್ಷರ ಓದಿ. ಜಾಹೀರಾತು ಒತ್ತಿ ಹೋಗುವ ಬದಲು ವಿಳಾಸವನ್ನು ನೀವೇ ಟೈಪ್ ಮಾಡಿ. ಮಾರುವವರ ಊರು, ಫೋನು, ವಾಪಸಿನ ನಿಯಮ ಇಲ್ಲದ ಕಡೆ ಕಾರ್ಡು ತೆಗೆಯಬೇಡಿ. ಕಾರ್ಡಿನ ಫೋಟೊ ಯಾರಿಗೂ ಕಳಿಸಬೇಡಿ.

ನಾಲ್ಕನೆಯದು, ಕಳ್ಳತನ ಗೊತ್ತಾದ ಕ್ಷಣವೇ ಆ್ಯಪಿನಲ್ಲಿ ಕಾರ್ಡನ್ನು ತಡೆಹಿಡಿದು ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕಿನ ಫೋನ್ ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಹುಡುಕಿದರೆ ಅಲ್ಲೂ ಕಳ್ಳ ಕುಳಿತಿರಬಹುದು. ನಂತರ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ.

ಇನ್ನು ಅಂಚೆಚೀಟಿಯ ಹುಚ್ಚಿರುವ ಮಕ್ಕಳಿಗೆ ಕಾರ್ಡೇ ಬೇಡದ ದಾರಿಯೊಂದಿದೆ. ಬೆಂಗಳೂರು ಜಿಪಿಓದಂಥ ಕಡೆ ಇರುವ ಫಿಲಾಟೆಲಿ ಬ್ಯೂರೋದಲ್ಲಿ 200 ರೂಪಾಯಿ ಠೇವಣಿಯಿಟ್ಟು ಖಾತೆ ತೆರೆದರೆ, ಹೊಸ ಚೀಟಿಗಳು ಅಂಚೆಯಲ್ಲೇ ಮನೆಗೆ ಬರುತ್ತವೆ. ಆರರಿಂದ ಒಂಬತ್ತನೇ ತರಗತಿಯ ಸಂಗ್ರಾಹಕ ಮಕ್ಕಳಿಗಾಗಿ ಅಂಚೆ ಇಲಾಖೆ 2017ರಲ್ಲಿ ಆರಂಭಿಸಿದ, ವರ್ಷಕ್ಕೆ 6,000 ರೂಪಾಯಿಯ ‘ಸ್ಪರ್ಶ್’ ವಿದ್ಯಾರ್ಥಿವೇತನದ ಬಗ್ಗೆಯೂ ಅಲ್ಲೇ ವಿಚಾರಿಸಬಹುದು.

ಕೊನೆಯದಾಗಿ ತಂದೆತಾಯಿಯರಿಗೆ ಒಂದು ಮಾತು. ಮೇಲಿನ ಎಲ್ಲ ಬೀಗಗಳನ್ನೂ ಹಾಕಿ. ಆದರೆ ಮನೆಯಲ್ಲಿ ಮಗುವಿನ ಬಾಯಿಗೆ ಮಾತ್ರ ಬೀಗ ಬೀಳದಿರಲಿ. ಮೂರು ದಿನದೊಳಗೆ ಬ್ಯಾಂಕಿಗೆ ವಿಷಯ ಮುಟ್ಟಬೇಕಾದರೆ ಮೊದಲು ಅದು ನಿಮಗೆ ಮುಟ್ಟಬೇಕು. ನಮ್ಮ ಹುಡುಗನ ತಂದೆ ಆಲ್ಬಮ್ಮುಗಳನ್ನು ಅಟ್ಟಕ್ಕೆ ಹಾಕಲಿಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದು ಇಷ್ಟೇ: ‘ಇನ್ನು ಮುಂದೆ ಏನೇ ಆದರೂ ಮೊದಲು ನನಗೆ ಹೇಳು. ಬೈಯುವುದಿದ್ದರೆ ಬ್ಯಾಂಕಿಗೆ ಫೋನ್ ಮಾಡಿದ ಮೇಲೆ ಬೈಯುತ್ತೇನೆ.’