ಅಂಗಾತ ಬಿದ್ದ ಜೇಡ ಸತ್ತಿಲ್ಲ, ಎಸೆಯಬೇಡಿ

ಮಾಲೂರು, ಟೇಕಲ್ ಕಡೆಯಿಂದ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡ್‌ಗೆ ಮನೆಗೆಲಸ, ಹೌಸ್‌ಕೀಪಿಂಗ್, ಸೆಕ್ಯೂರಿಟಿ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಬಹಳ ಜನ. ಅಪಾರ್ಟ್‌ಮೆಂಟಿನ ನಾಯಿ, ಬೆಕ್ಕು, ಮೀನುಗಳನ್ನು ನೋಡಿಕೊಳ್ಳುವುದು ಅವರಿಗೆ ಹೊಸದಲ್ಲ. ಈಗ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಹೊಸ ಪ್ರಾಣಿ ಬಂದು ಕೂತಿದೆ. ಗಾಜಿನ ಡಬ್ಬಿಯೊಳಗೆ ಅಂಗೈ ಅಗಲದ, ಮೈತುಂಬ ಕೂದಲಿನ ಜೇಡ. ಹೆಸರು ಟ್ಯಾರಂಟುಲಾ.

‘ಜೇಡ ಸಾಕೋದಾ? ನಮ್ಮ ಸೂರಿನ ತುಂಬ ಇದಾವಲ್ಲ’ ಅಂತ ನೀವು ನಗಬಹುದು. ನಗಿ, ಆದರೆ ಪೂರ್ತಿ ಓದಿ. ಇದರಲ್ಲಿ ನಮ್ಮವರ ಸಂಬಳದ ವಿಷಯವೂ ಇದೆ, ನಮ್ಮ ಹೊಲದ ಬದುವಿನ ವಿಷಯವೂ ಇದೆ.

ನಮ್ಮ ತಾಲ್ಲೂಕಿನ ಒಬ್ಬರು ಅಕ್ಕ ಇಂಥದೊಂದು ಮನೆಯಲ್ಲಿ ಕೆಲಸಕ್ಕಿದ್ದರು. ಮನೆಯವರು ವಾರದ ಮಟ್ಟಿಗೆ ಊರಿಗೆ ಹೋಗುವಾಗ ‘ಡಬ್ಬಿಗೆ ನೀರು ಮಾತ್ರ ಹಾಕಿ’ ಅಂತ ಹೇಳಿ ಹೋದರು. ಮೂರನೇ ದಿನ ನೋಡಿದರೆ ಜೇಡ ಅಂಗಾತ ಬಿದ್ದು ಕಾಲು ಮೇಲೆ ಮಾಡಿಕೊಂಡಿದೆ. ಸತ್ತಿತು, ಮನೆಯೆಲ್ಲ ನಾತ ಹೊಡೆಯುತ್ತದೆ ಅಂತ ಅವರು ಅದನ್ನು ಮೊರಕ್ಕೆ ಎತ್ತಿ ಕಸಕ್ಕೆ ಹಾಕಿದರು. ಮನೆಯವರು ವಾಪಸ್ ಬಂದು ಒಂದು ತಿಂಗಳ ಸಂಬಳ ಹಿಡಿದುಕೊಂಡರು. ಅಕ್ಕ ಕೆಲಸ ಬಿಟ್ಟರು.

ಅವರು ಹೇಳಿದ ಲಕ್ಷಣ ಕೇಳಿದರೆ, ಆ ಜೇಡ ಬಹುತೇಕ ಸತ್ತಿರಲಿಲ್ಲ. ಅದು ಪೊರೆ ಬಿಡುತ್ತಿತ್ತು.

ಹಾವು ಪೊರೆ ಬಿಡುವುದು ನಮಗೆಲ್ಲ ಗೊತ್ತು. ಜೇಡವೂ ಬಿಡುತ್ತದೆ. ಟ್ಯಾರಂಟುಲಾ ಇದಕ್ಕೆ ಮುಂಚೆ ಹಲವು ದಿನ, ಕೆಲವು ಸಲ ವಾರಗಟ್ಟಲೆ ಮೇವು ಮುಟ್ಟುವುದಿಲ್ಲ. ಹೊಟ್ಟೆ ಕಪ್ಪಾಗುತ್ತದೆ. ನೆಲದ ಮೇಲೆ ಬಲೆಯ ಚಾಪೆ ಹಾಸಿಕೊಂಡು ಅಂಗಾತ ಮಲಗುತ್ತದೆ. ಹಳೆ ಚರ್ಮದಿಂದ ಒಂದೊಂದೇ ಕಾಲು ಎಳೆದುಕೊಳ್ಳಲು ಗಂಟೆಗಟ್ಟಲೆ ಬೇಕು. ಆಗ ಮುಟ್ಟಿದರೆ, ಡಬ್ಬಿ ಅಲುಗಾಡಿಸಿದರೆ, ಹೊಸ ಕಾಲು ಮುರಿದು ನಿಜವಾಗಿಯೂ ಸಾಯಬಹುದು.

ಹಾಗಾದರೆ ಸಾಯುವ ಜೇಡ ಹೇಗಿರುತ್ತದೆ? ಸಾಮಾನ್ಯವಾಗಿ ನೆಟ್ಟಗೇ ಇರುತ್ತದೆ, ಆದರೆ ಎಂಟೂ ಕಾಲು ಮೈಯ ಅಡಿಗೆ ಮಡಚಿಕೊಂಡಿರುತ್ತದೆ. ಜೇಡ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಮೋಟರ್ ನಿಲ್ಲಿಸಿದರೆ ಹೊಲದ ಬಟ್ಟೆ ಪೈಪು ಚಪ್ಪಟೆಯಾಗುತ್ತದಲ್ಲ, ಹಾಗೆ ನೀರು ಕಡಿಮೆಯಾದರೆ ಕಾಲು ಮಡಚಿಕೊಳ್ಳುತ್ತದೆ. ಅಂಗಾತ ಬಿದ್ದಿದ್ದರೆ ಮುಟ್ಟಬೇಡಿ. ಕಾಲು ಮಡಚಿದ್ದರೆ ತಕ್ಷಣ ಪಕ್ಕದಲ್ಲಿ ನೀರಿಡಿ, ಮನೆಯವರಿಗೆ ಫೋನ್ ಮಾಡಿ. ಎರಡಕ್ಕೂ ಮೊದಲು ಒಂದು ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿ. ನಿಮ್ಮ ಸಂಬಳ ಉಳಿಸುವುದು ಆ ಫೋಟೊನೇ.

ಈಗ ನನ್ನ ಅಭಿಪ್ರಾಯ. ಆ ಅಕ್ಕನದು ತಪ್ಪಲ್ಲ. ಹೊಸ ಮೋಟರ್ ತಂದವನು ಸ್ಟಾರ್ಟರ್ ತೋರಿಸದೆ ಹೋದರೆ, ಕಾಯಿಲ್ ಸುಟ್ಟಿದ್ದಕ್ಕೆ ಆಳಿನ ಕೂಲಿ ಹಿಡಿಯುವುದು ಯಾವ ನ್ಯಾಯ? ಸಾವಿರಾರು ರೂಪಾಯಿ ಕೊಟ್ಟು ಜೇಡ ತಂದವರಿಗೆ ಹತ್ತು ಸಾಲು ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಲು ಏನು ಕಷ್ಟ? ಕನ್ನಡ ಬಾರದಿದ್ದರೆ ಬಾಯಲ್ಲಿ ಹೇಳಲಿ. ಪ್ರಾಣಿ ಸಾಕುವುದು ಅಂದರೆ ಅದನ್ನು ಕೊಳ್ಳುವುದಷ್ಟೇ ಅಲ್ಲ, ಅದನ್ನು ನೋಡಿಕೊಳ್ಳುವವರಿಗೆ ತಿಳಿಸುವುದೂ ಹೌದು.

ಅವರು ಬರೆಯದಿದ್ದರೆ ನಾವೇ ತಿಳಿದುಕೊಳ್ಳೋಣ. ದೊಡ್ಡ ವಿದ್ಯೆಯೇನಲ್ಲ.

ಒಂದು ಡಬ್ಬಿಗೆ ಒಂದೇ ಜೇಡ. ಎರಡು ಬಿಟ್ಟರೆ ಒಂದು ಇನ್ನೊಂದನ್ನು ತಿನ್ನುವ ಸಾಧ್ಯತೆಯೇ ಹೆಚ್ಚು. ನೆಲದಲ್ಲಿ ಬಿಲ ತೋಡುವ ಜಾತಿಗೆ ಎತ್ತರದ ಡಬ್ಬಿ ಬೇಡ. ಮೇಲಿಂದ ಬಿದ್ದರೆ ಹೊಟ್ಟೆ ಒಡೆಯುತ್ತದೆ. ತೆಂಗಿನ ನಾರಿನ ಪುಡಿಯನ್ನು ಒಂದು ಗೇಣಿನ ಹತ್ತಿರ ಹಾಕಿದರೆ ಅದೇ ತೋಡಿಕೊಳ್ಳುತ್ತದೆ. ಮರದ ಪೊಟರೆಯಲ್ಲಿರುವ ಜಾತಿಗೆ ಎತ್ತರ ಬೇಕು, ಒಂದು ತುಂಡು ತೊಗಟೆ ಬೇಕು.

ಚಿಕ್ಕ ಮುಚ್ಚಳದಲ್ಲಿ ಯಾವಾಗಲೂ ಚೊಕ್ಕ ನೀರಿರಲಿ. ದೊಡ್ಡ ಜೇಡಕ್ಕೆ ವಾರಕ್ಕೊಂದು ಸಲ ಹುಳ ಹಾಕಿದರೆ ಸಾಕು. ತಿನ್ನದೆ ಬಿಟ್ಟ ಹುಳವನ್ನು ಮಾರನೇ ದಿನ ತೆಗೆಯಿರಿ, ಪೊರೆ ಬಿಡುವಾಗ ಅದೇ ಹುಳ ಜೇಡವನ್ನು ಕಚ್ಚಿ ತಿನ್ನಬಹುದು. ಪೊರೆ ಬಿಟ್ಟ ಮೇಲೆ ಒಂದೆರಡು ವಾರ ಮೇವು ಬೇಡ, ಹಲ್ಲು ಇನ್ನೂ ಮೆತ್ತಗಿರುತ್ತದೆ. ಬಾಲ್ಕನಿಯ ಬಿಸಿಲಲ್ಲಿ ಡಬ್ಬಿ ಇಡಬೇಡಿ, ಬೆಂದುಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಔಷಧಿಯದು. ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಮಷಿನ್, ಬೀದಿಯಲ್ಲಿ ಬಿಡುವ ಫಾಗಿಂಗ್ ಹೊಗೆ, ಇವುಗಳಲ್ಲಿ ಇರುವುದು ಹೆಚ್ಚಾಗಿ ಹುಳ ಕೊಲ್ಲುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ. ಅದಕ್ಕೆ ಜಿರಳೆಯೂ ಒಂದೇ, ಜೇಡವೂ ಒಂದೇ. ಅಡುಗೆಮನೆಯಲ್ಲಿ ಹಿಡಿದ ಜಿರಳೆಯನ್ನು ಜೇಡಕ್ಕೆ ಹಾಕುವುದೂ ಬೇಡ, ಅದು ಎಲ್ಲಿ ಯಾವ ಔಷಧಿ ತಿಂದು ಬಂದಿದೆಯೋ.

ನಿಮ್ಮ ಆರೋಗ್ಯವೂ ಮುಖ್ಯ. ಅಮೆರಿಕ ಖಂಡದ ಅನೇಕ ಜಾತಿಗಳು ಹೊಟ್ಟೆಯ ಮೇಲಿನ ಕೂದಲನ್ನು ಕಾಲಿನಿಂದ ಕೆರೆದು ಹಾರಿಸುತ್ತವೆ. ಚರ್ಮಕ್ಕೆ ಬಿದ್ದರೆ ತುರಿಕೆ, ಕಣ್ಣಿಗೆ ಬಿದ್ದರೆ ಡಾಕ್ಟರ ಹತ್ತಿರ ಹೋಗಬೇಕಾದೀತು. ಡಬ್ಬಿ ತೊಳೆಯುವಾಗ ಮುಖ ಹತ್ತಿರ ತರಬೇಡಿ, ಕೈ ತೊಳೆಯದೆ ಕಣ್ಣು ಉಜ್ಜಬೇಡಿ. ನಮ್ಮ ದೇಶದ ಜಾತಿಗಳಿಗೆ ಆ ಕೂದಲಿಲ್ಲ, ಆದರೆ ಕಡಿತ ಜೋರು. ಮರದ ಮೇಲಿರುವ ಕೆಲವು ಕಚ್ಚಿದರೆ ಸ್ನಾಯು ಸೆಳೆತ ಬರುತ್ತದೆ. ಕೊಯ್ಯುವುದು, ಹೀರುವುದು ಏನೂ ಬೇಡ, ಆಸ್ಪತ್ರೆಗೆ ಹೋಗಿ. ಡಬ್ಬಿಗೆ ಕೈ ಹಾಕುವ ಕೆಲಸ ನಿಮ್ಮದಲ್ಲ ಅಂತ ಮೊದಲ ದಿನವೇ ಹೇಳಿಬಿಡಿ.

ಇನ್ನು ಬದುವಿನ ವಿಷಯ. ಈ ಜೇಡಗಳು ಎಲ್ಲಿಂದ ಬರುತ್ತವೆ? 2021ರ ಜುಲೈನಲ್ಲಿ ಚೆನ್ನೈಯಲ್ಲಿ ಕಸ್ಟಮ್ಸ್‌ನವರು ಪೋಲೆಂಡಿನಿಂದ ಅಂಚೆಯಲ್ಲಿ ಬಂದ ಒಂದು ಪಾರ್ಸೆಲ್ ಬಿಚ್ಚಿದರು. ಹತ್ತಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಸೀಸೆಗಳಲ್ಲಿ 107 ಜೀವಂತ ಜೇಡಗಳು. ಹೋಗಬೇಕಿದ್ದದ್ದು ತಮಿಳುನಾಡಿನ ಅರುಪ್ಪುಕೋಟೆಗೆ. ಕಾಗದಪತ್ರ ಇರಲಿಲ್ಲ, ವಾಪಸ್ ಕಳಿಸಲು ಒಪ್ಪಿಸಿದರು.

ಹೊರಗಿನ ಜೇಡ ಇಲ್ಲಿಗೆ ಬರುವ ಹಾಗೆ ನಮ್ಮ ಜೇಡದ ಮೇಲೂ ಹೊರಗಿನವರ ಕಣ್ಣಿದೆ. ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಸಿಕ್ಕ ನೀಲಿ ಜೇಡವನ್ನು 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಲೋಕಕ್ಕೆ ತಿಳಿಸಿದರು. ಆಮೇಲೆ ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಇವತ್ತು ಅದು ಅಳಿವಿನ ಅಂಚಿನಲ್ಲಿದೆ, ಆದರೆ ವಿದೇಶದ ಎಷ್ಟೋ ಮನೆಗಳ ಗಾಜಿನ ಡಬ್ಬಿಯಲ್ಲಿದೆ. ಅದರ ಇನ್ನೊಂದು ನೆಂಟ ಜಾತಿಗೆ ಹೊರದೇಶದವರು ಇಟ್ಟ ಹೆಸರೇ ‘ಮೈಸೂರ್ ಆರ್ನಮೆಂಟಲ್’. 2019ರಿಂದ ಈ ಇಡೀ ಕುಲ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ಪರವಾನಗಿಯಿಲ್ಲದೆ ದೇಶ ದಾಟಿಸುವ ಹಾಗಿಲ್ಲ. ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿ ಸಾಕಿದವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಅಂತ 2024ರಲ್ಲಿ ನಿಯಮವೂ ಬಂದಿದೆ.

ಹಾಗಂತ ಸಾಕುವವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಡಬ್ಬಿಯಲ್ಲೇ ಹುಟ್ಟಿದ ಮರಿ ತಂದು, ಕಾಗದ ಸರಿಯಿಟ್ಟುಕೊಂಡು, ಹೆಣ್ಣಾದರೆ ಹದಿನೈದು ಇಪ್ಪತ್ತು ವರ್ಷ ಬದುಕುವ ಜೀವವನ್ನು ಕೊನೆತನಕ ನೋಡಿಕೊಳ್ಳುವವರಿದ್ದರೆ ಸಾಕಲಿ. ಎರಡು ತಿಂಗಳು ರೀಲ್ಸ್ ಮಾಡಿ ಆಮೇಲೆ ಬೇಸರ ಬಂದರೆ ಕೆರೆ ಏರಿಯ ಮೇಲೆ ಬಿಟ್ಟು ಹೋಗುವವರು ಮಾತ್ರ ಬೇಡ. ಹೊರಗಿನ ಜೇಡ ನಮ್ಮ ಮಣ್ಣಿನದಲ್ಲ.

ನಮ್ಮೂರಿನ ಹುಡುಗರಿಗೂ ಒಂದು ಮಾತು. ‘ದೊಡ್ಡ ಜೇಡ ಹಿಡಿದು ಕೊಡಿ, ದುಡ್ಡು ಕೊಡ್ತೀವಿ’ ಅಂತ ಯಾರಾದರೂ ಫೋನಿನಲ್ಲಿ ಕೇಳಿದರೆ ಒಪ್ಪಬೇಡಿ. ಅವರು ಐದು ನೂರು ಕೊಟ್ಟು ಮಾಯವಾಗುತ್ತಾರೆ, ಕೇಸು ಬಿದ್ದರೆ ಅರಣ್ಯ ಇಲಾಖೆಯ ಮುಂದೆ ನಿಲ್ಲುವವರು ನೀವು. ಅಗೆದ ಬಿಲದ ಜೇಡ ಹೋದರೆ ಅದರ ಮರಿಗಳೂ ಹೋದವು. ಬದುವಿನ ಬಿಲದಲ್ಲೋ ಹುಣಸೆಮರದ ಪೊಟರೆಯಲ್ಲೋ ದೊಡ್ಡ ಜೇಡ ಕಂಡರೆ ಚಪ್ಪಲಿಯಲ್ಲಿ ಹೊಡೆಯುವುದೂ ಬೇಡ, ಡಬ್ಬಿಗೆ ಹಾಕುವುದೂ ಬೇಡ. ರಾತ್ರಿ ಹುಳ ಹಿಡಿಯುವ ಕೆಲಸ ಅದು ಸಂಬಳವಿಲ್ಲದೆ ಮಾಡುತ್ತದೆ.

ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವ ನಿಮ್ಮ ಮನೆಯವರಿಗೆ ಇದನ್ನು ಇವತ್ತೇ ಓದಿ ಹೇಳಿ.